ಗಾಯಗೊಂಡ ಸರದಾರರು ಮತ್ತು ನನ್ನ ಗಂಡ

ನನಗೆ ಗಾಯಗೊಂಡ ಗಂಡಸರೆಂದರೆ ಇಷ್ಟ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕಾದಂಬರಿಯ ಗಂಡಸರ ಮಾತು ಹೇಳುತ್ತಿದ್ದೇನೆ, ಅದರಲ್ಲೂ ಐತಿಹಾಸಿಕ ಪ್ರೇಮ ಕಾದಂಬರಿಯವರ ಮಾತು. ಕೋಟೆ, ಕುದುರೆ, ಕತ್ತಿ ಎಲ್ಲ ಇದ್ದು ನಗುವೊಂದು ಇಲ್ಲದವರು. ಸ್ವಂತ ಅಣ್ಣನೇ ಮೋಸ ಮಾಡಿ ಗಡಿಪಾರು ಮಾಡಿದ ರಾಜಕುಮಾರ, ಮದುವೆಯಾದ ವರ್ಷವೇ ಹೆಂಡತಿಯನ್ನು ಕಳೆದುಕೊಂಡ ಪಾಳೆಗಾರ, ಯುದ್ಧ ಗೆದ್ದು ಬಂದರೂ ನಿದ್ದೆ ಬಾರದ ದಂಡನಾಯಕ. ಹುಬ್ಬಿನ ಮೇಲೊಂದು ಗಾಯದ ಗುರುತು ಇದ್ದೇ ಇರಬೇಕು. ಅದು ಹೇಗಾಯಿತೆಂದು ಕೇಳಿದವರಿಗೆ ಉತ್ತರ ಸಿಗಬಾರದು. ನಾಯಕಿ ಬರುವವರೆಗೆ ಆತ ಯಾರನ್ನೂ ನೆಟ್ಟಗೆ ನೋಡುವುದಿಲ್ಲ, ಬಂದ ಮೇಲೆ ಅವಳನ್ನೂ ನೋಡುವುದಿಲ್ಲ. ಪುಸ್ತಕ ಅರ್ಧಕ್ಕೆ ಬಂದಾಗ ಒಮ್ಮೆ ತಲೆಯೆತ್ತಿ ನೋಡುತ್ತಾನೆ. ಆಗ ನಮ್ಮಂಥ ಓದುಗರ ಮುಖ ನೋಡಬೇಕು ನೀವು.

ಇಂಥ ಮುಖ ಊದಿಸಿಕೊಂಡವನನ್ನು ಮನೆಯಲ್ಲಿ ಇಟ್ಟುಕೊಂಡರೆ ಎರಡು ದಿನಕ್ಕೇ ಸಾಕಾಗುತ್ತದೆ ಎಂದು ಗಂಡಸರು ಹಂಗಿಸುತ್ತಾರೆ. ಅವರಿಗೇನು ಗೊತ್ತು. ನಾನು ಓದಿದ್ದು ಮಾತ್ರವಲ್ಲ, ಇಂಥವರನ್ನು ಬರೆದೂ ಇದ್ದೇನೆ. ಹುಬ್ಬಳ್ಳಿಯ ಪ್ರಕಾಶಕರೊಬ್ಬರು ನನ್ನ ಕಾದಂಬರಿಗಳನ್ನು ತರುತ್ತಾರೆ, ನಾಲ್ಕನೆಯದು ಈ ವರ್ಷ ಬಂತು. ನಾನು ಸಿದ್ದಿ ಹೆಣ್ಣುಮಗಳು, ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಕುಲ. ಪುಸ್ತಕದ ಹಿಂಬದಿಯಲ್ಲಿ ನನ್ನ ಕಪ್ಪು ಮುಖ, ಗುಂಗುರು ಕೂದಲು ನೋಡಿದ ಕೆಲವರು "ಎಷ್ಟು ಚಂದ ಕನ್ನಡ ಬರೀತೀರಲ್ಲ" ಎಂದು ಬೆರಗಾಗುತ್ತಾರೆ. ಅಜ್ಜ ಮುತ್ತಜ್ಜರ ಕಾಲದಿಂದ ಹಳಿಯಾಳದ ಕಾಡಿನಲ್ಲಿ ಬಾಳಿದವರು ಇನ್ಯಾವ ಭಾಷೆಯಲ್ಲಿ ಬರೆಯಬೇಕಿತ್ತೋ, ಅವರನ್ನೇ ಕೇಳಬೇಕು.

ಈ ಹುಚ್ಚು ನನಗೆ ಹಿಡಿದದ್ದು ಕೌದಿಯಿಂದ. ಹಳಿಯಾಳ ತಾಲೂಕಿನ ನಮ್ಮ ಊರಿನಲ್ಲಿ ಹಳೆಯ ಸೀರೆ, ಲುಂಗಿ, ಅಂಗಿಯ ತುಂಡುಗಳನ್ನು ಸೇರಿಸಿ ಹೆಂಗಸರು ಕೌದಿ ಹೊಲಿಯುತ್ತಾರೆ. ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದು ಊಟ ಮುಗಿಸಿದರೆ ಮಾವಶಿಯ ಅಂಗಳದಲ್ಲಿ ನಾಲ್ಕೈದು ಜನ ಸೂಜಿ ಹಿಡಿದು ಕೂರುತ್ತಿದ್ದರು. ಮಾವಶಿ ಎಂದರೆ ನನ್ನ ಅವ್ವನ ಅಕ್ಕ. ಆಕೆಗೆ ಅಕ್ಷರ ಬಾರದು, ಕಥೆಯಿಲ್ಲದೆ ಕೈ ಓಡದು. ಬಿದಿರು ಲೋಡು ಮಾಡಲು ದಾಂಡೇಲಿಗೆ ಹೋಗುತ್ತಿದ್ದ ಅಪ್ಪ ಶನಿವಾರ ಬರುವಾಗ ಬಸ್‌ಸ್ಟ್ಯಾಂಡಿನ ಬಾಡಿಗೆ ಅಂಗಡಿಯಿಂದ ಒಂದು ಕಾದಂಬರಿ ತರುತ್ತಿದ್ದ. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ. ಪುಸ್ತಕದಲ್ಲಿ "ಪ್ರಭುಗಳ ವದನಾರವಿಂದವು ಮ್ಲಾನವಾಗಿತ್ತು" ಎಂದಿದ್ದರೆ ನಾನು "ಅವನ ಮಾರಿ ಬಾಡಿತ್ತು" ಎಂದು ಮನೆಯ ಮಾತಿಗೆ ತಿರುಗಿಸಿ ಓದಬೇಕು. ನಮ್ಮ ಮನೆಮಾತು ಅರ್ಧ ಕೊಂಕಣಿ, ಅರ್ಧ ಕನ್ನಡ, ನಡುವೆ ಒಂದಿಷ್ಟು ಮರಾಠಿ. ಆ ಭಾಷೆಯಲ್ಲಿ ಎಂಥ ಸಾಮ್ರಾಟನೂ ನಮ್ಮ ಓಣಿಯವನೇ ಆಗಿಬಿಡುತ್ತಿದ್ದ.

"ಅಂವಗ ಯಾರೂ ಹೊಟ್ಟಿ ತುಂಬ ಉಣ್ಣಾಕ ಹಾಕಿಲ್ಲೇನ ಪಾಪ" ಎಂದು ಮಾವಶಿ ಕುಂತಳದೇಶದ ಯುವರಾಜನ ಬಗ್ಗೆ ಕೇಳುತ್ತಿದ್ದಳು. "ಉಂಡಾಂವ ಹಿಂಗ ಸಿಡಿಸಿಡಿ ಅನ್ನಂಗಿಲ್ಲ."

ಕೌದಿ ಹೊಲಿಯಲು ಒಂದು ಕ್ರಮವಿದೆ. ಅಂಚಿನಿಂದ ಶುರು ಮಾಡಿ, ನಾಲ್ಕೂ ಬದಿ ಸುತ್ತುತ್ತ, ಒಳಗೊಳಗೆ ಬರುತ್ತ, ಕೊನೆಗೆ ನಡುವಿಗೆ ಬಂದು ಮುಗಿಸಬೇಕು. ಮಾವಶಿ ಇದನ್ನೇ ಕಥೆಗೂ ಕಾನೂನು ಮಾಡಿಬಿಟ್ಟಿದ್ದಳು. ಹೊಲಿಗೆ ಅಂಚಿನಲ್ಲಿ ಇರುವವರೆಗೆ ನಾಯಕ ತನ್ನ ನೋವಿನ ಬಗ್ಗೆ ಬಾಯಿ ಬಿಡಕೂಡದು. ಕೌದಿ ನಡುವಿಗೆ ಬಂದು, ಎದುರುಬದುರು ಕೂತವರ ಮೊಣಕಾಲು ಒಂದಕ್ಕೊಂದು ತಾಗಿದಾಗಲೇ ಅವನು ಹೇಳಬೇಕು. ಬರೆದವರು ಮೊದಲೇ ಹೇಳಿಸಿದ್ದರೆ ನಾನು ಆ ಪುಟ ಬಚ್ಚಿಟ್ಟುಕೊಂಡು ಮುಂದಿನ ವಾರ ಓದುತ್ತಿದ್ದೆ. ಹೊಲಿಗೆ ಹಿಂದೆ ಬಿದ್ದರೆ ಇಲ್ಲದ ಒಂದು ಬೇಟೆಯನ್ನೋ ಮಳೆಯನ್ನೋ ಸೇರಿಸುತ್ತಿದ್ದೆ. ಕಾದಂಬರಿ ಬರೆಯುವುದನ್ನು ನಾನು ಕಲಿತ ಶಾಲೆ ಅದೇ, ಅಲ್ಲಿ ಫೇಲಾದವರಿಗೆ ಸೂಜಿಯಿಂದ ಚುಚ್ಚಿಸಿಕೊಳ್ಳುವ ಶಿಕ್ಷೆಯೂ ಇತ್ತು.

ಆ ಪುಸ್ತಕಗಳಲ್ಲಿ ನಮ್ಮವನೂ ಒಬ್ಬ ಇರುತ್ತಿದ್ದ. ಅಂತಃಪುರದ ಬಾಗಿಲಲ್ಲಿ ಈಟಿ ಹಿಡಿದು ನಿಂತ ಹಬಸಿ, ಅಂದರೆ ಆಫ್ರಿಕಾ ಮೂಲದ ಕಾವಲುಗಾರ. ಮುಖ ಭಯಂಕರ, ಕಣ್ಣು ಕೆಂಪು, ಮಾತು ಒಂದೂ ಇಲ್ಲ. ಅಂಥ ಸಾಲು ಬಂದಾಗ ನಾನು ತಲೆ ತಗ್ಗಿಸಿ ಬೇಗ ಬೇಗ ಓದುತ್ತಿದ್ದೆ. ಮಾವಶಿ ಮಾತ್ರ ಸೂಜಿ ನಿಲ್ಲಿಸಿ, "ಬಂದ ನೋಡ್ರಿ ನಮ್ಮಂವಾ. ಒಂದ ಖುರ್ಚಿ ಕೊಡ್ರವಾ, ಪುಸ್ತಕ ಶುರು ಆದಾಗಿಂದ ನಿಂತಾನ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಇಷ್ಟೆಲ್ಲ ಓದಿ ಬೆಳೆದವಳಿಗೆ ನೋಡಲು ಬಂದ ಗಂಡು ಹೇಗಿದ್ದಿರಬೇಕು? ಗಣೇಶಗುಡಿಯಿಂದ ಬಂದಿದ್ದರು. ಎತ್ತರದ ಆಳು, ಉದ್ದುದ್ದ ಕಾಲು, ಕೊಟ್ಟ ಚಹಾ ಕುಡಿದು ಅಂಗಳದ ಕಡೆ ನೋಡುತ್ತ ಕೂತವರು ಹೋಗುವವರೆಗೆ ಬಾಯಿ ಬಿಡಲಿಲ್ಲ. ನನ್ನ ಗೆಳತಿಯರು ಮೂಗು ಮುರಿದರು. ನಾನು ಒಳಗೊಳಗೇ ಕುಣಿದೆ. ಸಿಕ್ಕ ನನ್ನ ದಂಡನಾಯಕ! ಈ ಮೌನದ ಹಿಂದೆ ಏನೋ ಇದೆ, ಅದನ್ನು ಬಿಡಿಸುವವಳು ನಾನೇ ಎಂದು ಲಗ್ನಕ್ಕೆ ಒಪ್ಪಿಕೊಂಡೆ.

ಮೌನದ ಹಿಂದೆ ಬಹಳ ಸಲ ಹಸಿವು ಇರುತ್ತಿತ್ತು. ಊಟ ಹಾಕಿದರೆ ಮುಖ ತಿಳಿಯಾಗುತ್ತಿತ್ತು, ಮಾವಶಿ ಹೇಳಿದ್ದು ಸುಳ್ಳಲ್ಲ. ಉಳಿದಂತೆ ಅವರು ಒಳ್ಳೆಯವರು. ಕುಡಿತವಿಲ್ಲ, ಕೈ ಎತ್ತಿದ್ದಿಲ್ಲ. ಕಾಳಿ ಹೊಳೆಯಲ್ಲಿ ರಾಫ್ಟಿಂಗ್ ಶುರುವಾದಾಗಿನಿಂದ ಅಲ್ಲಿಯೇ ಕೆಲಸ. ಬಂದವರಿಗೆ ಲೈಫ್ ಜಾಕೆಟ್ ಕಟ್ಟಿ, ದೋಣಿಯ ಹಿಂದೆ ಕೂತು ಹುಟ್ಟು ಹಾಕಿ, ಅವರ ಕಿರುಚಾಟವನ್ನೆಲ್ಲ ಕೇಳಿಸಿಕೊಂಡು ಸಂಜೆ ಮನೆಗೆ ಬರುತ್ತಾರೆ. ನಾನು ಅಂಗನವಾಡಿಯಲ್ಲಿ ದಿನವಿಡೀ ಮಾತಾಡಿ ಬರುತ್ತೇನೆ. "ಸಾರಿಗೆ ಉಪ್ಪು ಕಡಿಮಿ ಐತಿ" ಎಂಬುದು ನಮ್ಮ ಮನೆಯ ಉದ್ದವಾದ ವಾಕ್ಯಗಳಲ್ಲಿ ಒಂದಾಗಿತ್ತು.

ಆದರೆ ಏನೋ ಇದ್ದದ್ದು ನಿಜ. ಮದುವೆಯಾದ ಹೊಸತರಲ್ಲಿ ಅತ್ತೆ ಹೇಳಿದ್ದಳು. ನನ್ನ ಗಂಡ ಸಣ್ಣವರಿದ್ದಾಗ ಯಾರೋ ಸ್ಟಾಪ್‌ವಾಚ್ ಹಿಡಿದುಕೊಂಡು ಸಿದ್ದಿ ಹಳ್ಳಿಗಳಿಗೆ ಬಂದು ಮಕ್ಕಳನ್ನು ಓಡಿಸಿ ನೋಡಿದರಂತೆ. ಚೆನ್ನಾಗಿ ಓಡಿದವರನ್ನು ದೂರದ ಊರಿನ ಕ್ರೀಡಾ ಹಾಸ್ಟೆಲಿಗೆ ಕರೆದುಕೊಂಡು ಹೋದರಂತೆ. ಇವರೂ ಹೋದರು. ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಒಬ್ಬರೇ ಬಸ್ಸಿಳಿದು ಬಂದರು. ಮರುದಿನ ಅಪ್ಪನ ಜೊತೆ ಕೂಲಿಗೆ ಹೋದರು.

"ಯಾಕ ಬಂದಿ ಅಂತ ಕೇಳಿದ್ರ ತಾಟ ಬಿಟ್ಟ ಎದ್ದ ಹೋಗತಿದ್ದ" ಎಂದಳು ಅತ್ತೆ. "ಅದೊಂದ ಮಾತ್ರ ನೀನೂ ಕೇಳಬ್ಯಾಡವಾ."

ನಾನು ಕೇಳಲಿಲ್ಲ. ಕೇಳದಿರುವುದೇ ಪ್ರೀತಿ ಎಂದುಕೊಂಡಿದ್ದೆ, ಕಾದಂಬರಿಯ ನಾಯಕಿಯರಲ್ಲಿ ಒಳ್ಳೆಯವರೆಲ್ಲ ಕಾಯುತ್ತಾರಲ್ಲ. ಕಾಯುತ್ತ ನನ್ನ ತಲೆಯಲ್ಲಿ ಅವರಿಗೆ ಎಷ್ಟೋ ಕಥೆ ಕಟ್ಟಿದೆ. ಕಾಲು ಉಳುಕಿತ್ತು, ಅದಕ್ಕೆ ಕಳಿಸಿದರು. ಸೋತರು, ಅದಕ್ಕೆ ಹೊರಹಾಕಿದರು. ಊಟದ ಸಾಲಿನಲ್ಲಿ ಯಾರೋ ಅವಮಾನ ಮಾಡಿದರು. ಒಂದೊಂದು ಕಥೆಗೂ ಮರುಕಪಟ್ಟು ಅಂದು ರಾತ್ರಿ ಒಂದು ಮೀನಿನ ತುಂಡು ಹೆಚ್ಚು ಬಡಿಸುತ್ತಿದ್ದೆ. ಅವರು ಯಾಕೆಂದು ತಿಳಿಯದೆ ತಿನ್ನುತ್ತಿದ್ದರು. ವರ್ಷಗಳು ಉರುಳಿದವು, ಮಕ್ಕಳು ದೊಡ್ಡವರಾದರು, ನನ್ನ ಮೂರು ಕಾದಂಬರಿಗಳಲ್ಲಿ ಮೂವರು ಸರದಾರರು ಕೊನೆಕೊನೆಗೆ ಬಾಯಿಬಿಟ್ಟು ಹಗುರಾದರು. ನಮ್ಮ ಮನೆಯ ಸರದಾರ ಮಾತ್ರ ಉಪ್ಪಿನ ವಿಷಯ ಬಿಟ್ಟು ಮುಂದೆ ಹೋಗಲಿಲ್ಲ.

ನಾಲ್ಕನೆಯ ಕಾದಂಬರಿಗೆ ಕೈಹಾಕಿದಾಗ ನನಗೆ ಒಂದು ಸಿಟ್ಟು ಇತ್ತು. ಬಾಗಿಲಲ್ಲಿ ನಿಂತವನಿಗೆ ಖುರ್ಚಿಯಲ್ಲ, ಕೋಟೆಯನ್ನೇ ಕೊಡುತ್ತೇನೆ ಎಂದುಕೊಂಡೆ. ಇದೇನು ನನ್ನ ಕಲ್ಪನೆಯಲ್ಲ. ಸುಲ್ತಾನರ ಕಾಲದಲ್ಲಿ ಹಬಸಿಗಳು ಸೇನಾಪತಿಗಳಾಗಿದ್ದರು, ಕೋಟೆ ಆಳಿದ್ದರು, ಇತಿಹಾಸ ಓದಿದವರಿಗೆ ಗೊತ್ತಿದೆ, ಪ್ರೇಮ ಕಾದಂಬರಿ ಬರೆಯುವವರಿಗೆ ಮಾತ್ರ ಗೊತ್ತಿರಲಿಲ್ಲ. ನನ್ನ ನಾಯಕ ಸಣ್ಣವನಿದ್ದಾಗ ಸಮುದ್ರದಾಚೆಯ ಊರಿನಿಂದ ಹಿಡಿದು ತಂದವನು, ಮಾರಾಟವಾದವನು, ಬೆಳೆದು ಕೋಟೆಯ ಸರದಾರನಾದವನು. ಸಂಧಾನಕ್ಕಾಗಿ ಆ ಕೋಟೆಗೆ ಬಂದು ಉಳಿದ ದೇಸಾಯರ ಮಗಳು ನಾಯಕಿ. ಮನೆಯಲ್ಲಿ ಮೌನ ಕೇಳಿ ಕೇಳಿ ನನಗೆ ಎಷ್ಟು ಸಾಕಾಗಿತ್ತೆಂದರೆ, ನಾನು ಬರೆದವನಾದರೂ ಮಾತಾಡಲಿ ಎಂದು ಮೊದಲ ಅಧ್ಯಾಯದಲ್ಲೇ ಅವನ ಬಾಯಿ ಬಿಡಿಸಿದೆ. ಅವನು ನಾಯಕಿಯ ಮುಂದೆ ಕೂತು ಹಡಗು, ಸರಪಳಿ, ತಾಯಿ ಎಲ್ಲವನ್ನೂ ಹೇಳಿ ಅತ್ತ. ಬರೆಯುವಾಗ ನಾನೂ ಅತ್ತೆ. ಇದಕ್ಕಿಂತ ದೊಡ್ಡದನ್ನು ನಾನು ಬರೆದಿಲ್ಲ ಎಂದು ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಭಾನುವಾರ ಮಾವಶಿಯ ಅಂಗಳಕ್ಕೆ ಹೋದೆ.

ಮಾವಶಿಗೆ ಈಗ ವಯಸ್ಸಾಗಿದೆ, ಸೂಜಿಗೆ ದಾರ ಪೋಣಿಸಲು ಸೊಸೆ ಬೇಕು. ಉಳಿದದ್ದೆಲ್ಲ ಹಾಗೆಯೇ. ನಾನು ಓದಿದೆ. ಸರದಾರ ಅತ್ತ. ಸೂಜಿಗಳು ನಿಲ್ಲಲಿಲ್ಲ. ಒಬ್ಬಳು ಆಕಳಿಸಿದಳು.

"ಸಾಕ ನಿಲ್ಲಿಸು" ಎಂದಳು ಮಾವಶಿ. "ನೀ ನಡುವಿನಿಂದ ಹೊಲ್ಯಾಕ ಹತ್ತೀ."

ಆ ಅಂಗಳದಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಂಚು ಬಿಟ್ಟು ನಡುವಿನಿಂದ ಹೊಲಿದರೆ ಬಟ್ಟೆ ಸರಿದು ಗಂಟುಗಂಟಾಗುತ್ತದೆ, ಹೊದೆಯುವವರಿಗೆ ಚುಚ್ಚುತ್ತದೆ. ಮದುವೆಯಾಗಿ ಬಂದ ಹೊಸ ಸೊಸೆಯರು ಮಾಡುವ ತಪ್ಪು ಅದು.

"ರಾಜಕುಮಾರ ಅತ್ತರ ಕರುಳು ಚುರ್ ಅಂತೈತಿ" ಎಂದಳು ಪಕ್ಕದ ಮನೆಯಾಕೆ. "ಇಂವಾ ಅತ್ತರ ನಮ್ಮ ಮಾವ ಶೆರೆ ಕುಡದ ಬಂದ ಕೂತಂಗ ಆತು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಂಗಾದ್ರ ಗಾಯ ಅರಮನ್ಯಾಗಿದ್ದವರಿಗೆ ಅಷ್ಟಽ ಆಗತೈತೇನು?" ಎಂದು ದನಿ ಏರಿಸಿದೆ. "ಕಂಡವರ ರಾಜಕುಮಾರಗ ಸೆರಗ ಒದ್ದಿ ಮಾಡಿಕೊಂಡೀರಿ. ನಮ್ಮಂವಾ ಬಂದ ಕೂಡಲೆ ಆಕಳಕಿ. ಹಿತ್ತಲ ಗಿಡ ಮದ್ದಲ್ಲ ಅಂದಂಗಾತು."

ಮಾವಶಿ ಸಿಟ್ಟಾಗಲಿಲ್ಲ. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಕಾಲು ನೀವಿಕೊಳ್ಳುತ್ತ ಹೇಳಿದಳು. "ರಾಜಕುಮಾರನ ಮುಂದ ಇಡೀ ಅರಮನಿ ಕೈ ಕಟ್ಟಿ ನಿಂತಿರತೈತಿ. ಏನಾತು ಪ್ರಭು, ಯಾಕ ಉಣವಲ್ರಿ ಪ್ರಭು. ಅಂವಾ ಹೇಳಂಗಿಲ್ಲ. ಅದಕ್ಕ ನಾವು ಕೂತ ಕೇಳತೇವಿ. ನಿನ್ನ ಸರದಾರಗ ಯಾರ ಕೇಳಿದ್ರು? ಯಾರೂ ಕೇಳದ ತಾನಽ ಹೇಳಕೊಂಡ ಅಳತಾನ. ಅಂಥ ಅಳೂದು ನಮ್ಮ ಓಣ್ಯಾಗ ದಿನಾ ಕೇಳತೇವಿ. ಅದಕ್ಕ ಪುಸ್ತಕ ಯಾಕ ಬೇಕು?"

ನಾನು ಚಹಾ ಕುಡಿಯದೆ ಎದ್ದು ಬಂದೆ. ದಾಂಡೇಲಿಯಲ್ಲಿ ಬಸ್ಸು ಬದಲಿಸಿ ಗಣೇಶಗುಡಿ ತಲುಪುವವರೆಗೆ ಮನಸ್ಸಿನಲ್ಲೇ ಅವಳ ಜೊತೆ ಜಗಳವಾಡಿದೆ, ಬಸ್ಸಿಳಿಯುವ ಹೊತ್ತಿಗೆ ಸೋತೆ. ಅವಳು ಹೇಳಿದ್ದು ನಿಜ. ಇಷ್ಟು ವರ್ಷ ನಾನು ಗಾಯವನ್ನು ಪ್ರೀತಿಸುತ್ತೇನೆ ಎಂದುಕೊಂಡಿದ್ದೆ. ಗಾಯದಲ್ಲೇನಿದೆ? ಅದು ಎಲ್ಲರ ಮನೆಯಲ್ಲೂ ಇದೆ. ನಾವು ಹೆಂಗಸರು ಆ ಪುಸ್ತಕಗಳಿಗೆ ಮರುಳಾದದ್ದು, ಅಲ್ಲಿ ಒಬ್ಬ ಮನುಷ್ಯನ ಗಾಯ ತಿಳಿದುಕೊಳ್ಳಲು ಇನ್ನೊಬ್ಬರು ಮುನ್ನೂರು ಪುಟ ಕಷ್ಟಪಡುತ್ತಾರೆ ಎಂಬುದಕ್ಕೆ. ಅಷ್ಟು ಹೊತ್ತು, ಅಷ್ಟು ಆಸೆಯಿಂದ, ನಮ್ಮನ್ನಾಗಲಿ ನಮ್ಮ ಗಂಡಸರನ್ನಾಗಲಿ ಯಾರು ಕೇಳಿದ್ದರು? ಕೇಳುವವರಿದ್ದರೆ ಗಾಯಕ್ಕೂ ಒಂದು ಗತ್ತು ಬರುತ್ತದೆ. ನನ್ನ ಸರದಾರನಿಗೆ ಕೋಟೆ ಕೊಟ್ಟು ಆ ಗತ್ತು ಕೊಡಲು ಮರೆತಿದ್ದೆ.

ಸರಿ, ನಾಯಕಿ ಕೇಳಲಿ ಎಂದು ಕೂತೆ. ಕೇಳುವುದು ಏನಂತ? "ನಿಮ್ಮ ನೋವೇನು?" ಎಂದು ಬರೆದರೆ ಸರ್ಕಾರಿ ಆಸ್ಪತ್ರೆಯ ಡಾಕ್ಟರಂತೆ ಕಂಡಿತು. "ನಿಮಗೆ ಈ ಗತಿ ತಂದವರು ಯಾರು?" ಎಂದರೆ ಪೊಲೀಸರಂತಾಯಿತು. ಯಾವ ಪ್ರಶ್ನೆ ಹಾಕಿದರೂ ಸರದಾರ ಎದ್ದು ಹೊರಗೆ ಹೋಗುತ್ತಿದ್ದ, ನಾನೇ ಅವನಾಗಿದ್ದರೂ ಹೋಗುತ್ತಿದ್ದೆ.

ಕೇಳುವುದಾದರೆ ಎಲ್ಲರೂ ಕೇಳುತ್ತಾರೆ. ರಾಫ್ಟಿಂಗಿಗೆ ಬಂದವರು ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿ "ಯಾವ ದೇಶ?" ಎನ್ನುತ್ತಾರೆ. ಕೆಲವರು ಇಂಗ್ಲಿಷಿನಲ್ಲಿ ಕೇಳುತ್ತಾರೆ, ಇವರು ಕನ್ನಡದಲ್ಲಿ "ಜಾಕೆಟ್ ಬಿಗಿ ಮಾಡಿಕೊಳ್ರಿ" ಎನ್ನುತ್ತಾರೆ. ಒಂದು ದಿನ ಮಧ್ಯಾಹ್ನ ಡಬ್ಬಿ ಕೊಡಲು ಹೊಳೆದಂಡೆಗೆ ಹೋಗಿದ್ದೆ. ಬಾಗಲಕೋಟೆ ಕಡೆಯ ಅಜ್ಜಿಯೊಬ್ಬಳು ಮೊಮ್ಮಕ್ಕಳ ಬಲವಂತಕ್ಕೆ ದೋಣಿ ಹತ್ತಲು ಬಂದು ಹೆದರಿ ನಿಂತಿದ್ದಳು. ಆಕೆ ನನ್ನ ಗಂಡನ ಮುಖ ನೋಡಿ ಕೇಳಿದಳು.

"ಯಪ್ಪಾ, ನಿನಗ ಈಜು ಚೊಲೊ ಬರತೈತೇನು?"

"ಈ ಹೊಳ್ಯಾಗ ನನ್ನ ದಾಟಿ ಮುಂದ ಹೋಗಾಂವ ಯಾರೂ ಇಲ್ಲ ಬಿಡವಾ" ಎಂದರು ಇವರು. ಎದೆ ಒಂದಿಷ್ಟು ಮುಂದೆ ಬಂದಿತ್ತು. "ಸುಳಿ ಎಲ್ಲೈತಿ, ಕಲ್ಲ ಎಲ್ಲೈತಿ, ನನಗ ಕಣ್ಣ ಮುಚ್ಚಿದ್ರೂ ಗೊತ್ತು. ನಿನ್ನ ಸೀರಿ ನಿರಗಿನೂ ತೊಯ್ಯದಂಗ ಕರಕೊಂಡ ಹೋಗಿ ತರತೇನಿ, ಬಾ."

ಡಬ್ಬಿ ಹಿಡಿದುಕೊಂಡು ನಾನು ಬಾಯಿ ತೆರೆದು ನಿಂತೆ. ನನ್ನ ಗಂಡ ಜಂಬ ಕೊಚ್ಚಿಕೊಂಡಿದ್ದನ್ನು ಅದೇ ಮೊದಲು ಕೇಳಿದ್ದು. ಅಜ್ಜಿ ನಂಬಿ ಹತ್ತಿದಳು. ನಿರಿಗೆ ತೊಯ್ದೇ ತೊಯ್ದಿತು, ಆ ಮಾತು ಬೇರೆ.

ಅಂದೇ ಸಂಜೆ ಬರೆದೆ. ಕೋಟೆ, ಯುದ್ಧ, ಸಂಧಾನ ಎಲ್ಲ ಸುತ್ತಿ ಕಥೆ ನಡುವಿಗೆ ಬಂದಾಗ ದೇಸಾಯರ ಮಗಳು ಸರದಾರನನ್ನು ಕೇಳುತ್ತಾಳೆ: "ನಿಮ್ಮ ಊರಿನಲ್ಲಿ ನೀವು ಯಾವುದರಲ್ಲಿ ಎಲ್ಲರಿಗಿಂತ ಮುಂದಿದ್ದಿರಿ?" ಸರದಾರ ಈ ಸಲ ಎದ್ದು ಹೋಗುವುದಿಲ್ಲ. ಕೂತಲ್ಲೇ ಹೇಳುತ್ತಾನೆ: "ದನ ಕರೆಯುವುದರಲ್ಲಿ. ನಾನು ಕೂಗಿದರೆ ಗುಡ್ಡದಾಚೆಯ ದನವೂ ಮೇಯುವುದು ಬಿಟ್ಟು ತಿರುಗಿ ಬರುತ್ತಿತ್ತು. ಇಲ್ಲಿ ನಾನು ಕೂಗಿದರೆ ಸೈನಿಕರು ಹೆದರುತ್ತಾರೆ. ಕರೆದರೆ ಬರುವವರು ಯಾರೂ ಇಲ್ಲ." ಅಷ್ಟೇ. ಹಡಗಿಲ್ಲ, ಸರಪಳಿಯಿಲ್ಲ, ಅಳುವಿಲ್ಲ.

ತಿದ್ದಿದ್ದನ್ನೆಲ್ಲ ತೆಗೆದುಕೊಂಡು ಮತ್ತೆ ಮಾವಶಿಯ ಅಂಗಳಕ್ಕೆ ಹೋದೆ. ಒಂದು ಭಾನುವಾರಕ್ಕೆ ಮುಗಿಯುವ ಕಥೆಯಲ್ಲ, ಹಲವು ವಾರ ಹೋಗಿಬಂದೆ. ನಡುವಿನ ಅಧ್ಯಾಯ ಓದುವ ದಿನ ನಮ್ಮವರು ಹಳಿಯಾಳದಲ್ಲಿ ಏನೋ ಕೆಲಸ ಮುಗಿಸಿ ನನ್ನನ್ನು ಕರೆದೊಯ್ಯಲು ಬೈಕ್ ತಂದಿದ್ದರು. ಒಳಗೆ ಬರ್ರಿ ಎಂದರೆ ಬರಲಿಲ್ಲ. ಬೇಲಿಯ ಹತ್ತಿರ ಗಾಡಿ ನಿಲ್ಲಿಸಿ ಅದರ ಮೇಲೆಯೇ ಕೂತರು. ನಾನು ಓದುತ್ತ ಹೋದೆ. ದನ ಕರೆಯುವ ಮಾತಿಗೆ ಬಂದಾಗ ಒಂದು ಸೂಜಿ ನಿಂತಿತು, ಆಮೇಲೆ ಇನ್ನೊಂದು. ಓದುವುದನ್ನು ನಿಲ್ಲಿಸಿ ತಲೆಯೆತ್ತಿದರೆ ಎಲ್ಲ ಸೂಜಿಗಳೂ ನಿಂತಿದ್ದವು. ಪಕ್ಕದ ಮನೆಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೆ ಬಂದ ಹೆಮ್ಮೆಯನ್ನು ಯಾವ ಪ್ರಶಸ್ತಿಯೂ ಕೊಡಲಾರದು, ಕೊಡುವವರು ಸದ್ಯಕ್ಕಂತೂ ಯಾರೂ ಇಲ್ಲ.

ಮಾವಶಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಬೇಲಿಯ ಕಡೆ ತಿರುಗಿ ಅಳಿಯನನ್ನು ಕೂಗಿದಳು.

"ಜಾವಾಯಿ, ನೀವು? ನೀವು ಯಾವದರಾಗ ಮುಂದ ಇದ್ರಿ?"

ಇಷ್ಟು ವರ್ಷ ಮುಟ್ಟದೆ ಕಾಪಾಡಿಕೊಂಡು ಬಂದದ್ದನ್ನು ಮುದುಕಿ ಓಣಿಯ ಮುಂದೆ ಕೆದಕಿಬಿಟ್ಟಳು. ಇವರು ಗಾಡಿ ತಿರುಗಿಸಿಕೊಂಡು ಹೋದರೆ? ಹೋಗಿ ಮತ್ತಷ್ಟು ಮುಚ್ಚಿಕೊಂಡರೆ? ಉಪ್ಪಿನ ಮಾತೂ ನಿಂತುಹೋದರೆ ನಾನು ಆ ಮನೆಯಲ್ಲಿ ಯಾರ ಜೊತೆ ಬದುಕಲಿ? ಅವರು ಕೈಯಲ್ಲಿದ್ದ ಕೀಲಿಯನ್ನೇ ನೋಡುತ್ತಿದ್ದರು.

"ಓಟದಾಗ" ಎಂದರು.

"ಎಷ್ಟ ಮುಂದ?"

"ಅಲ್ಲಿದ್ದವರಾಗೆಲ್ಲ ಮೊದಲನೇ ನಂಬರ."

"ಅಯ್ಯ ಶಿವನ" ಎಂದಳು ಪಕ್ಕದ ಮನೆಯಾಕೆ. "ಅಂಥಾದ್ದನ್ನ ಯಾಕ ಬಿಡಿಸಿದ್ರು?"

"ಯಾರೂ ಬಿಡಿಸಲಿಲ್ಲ. ನಾನಽ ಬಿಟ್ಟ ಬಂದೆ." ಅವರು ಗಾಡಿಯಿಂದ ಇಳಿದು ಬೇಲಿಗೆ ಕೈ ಊರಿ ನಿಂತರು. ಮಾತು ಮೊದಲು ತಡವರಿಸುತ್ತಿತ್ತು, ಆಮೇಲೆ ದಾರಿ ಸಿಕ್ಕಿತು. "ಗೆದ್ದಾಗೆಲ್ಲ ಬೆನ್ನ ತಟ್ಟಿ ಏನಂತಿದ್ರ ಗೊತ್ತೇನು ಮಾವಶಿ? ಇದು ಇವರ ರಕ್ತದಾಗ ಐತಿ, ಇವರಿಗೇನು ಕಷ್ಟ ಇಲ್ಲ, ಅಂತಿದ್ರು. ಎಲ್ಲಾರೂ ಮಲಗಿದಾಗ ಎದ್ದ ಚಳ್ಯಾಗ ಓಡತಿದ್ದಾಂವ ನಾನು. ಹಿಮ್ಮಡ ಒಡದ ರಕ್ತ ಬಂದ್ರೂ ಓಡತಿದ್ದಾಂವ ನಾನು. ಗೆದ್ದದ್ದು ಮಾತ್ರ ರಕ್ತ. ಸೋತಿದ್ರ ಯಾರೂ ರಕ್ತ ಸೋತಿತು ಅಂತಿರಲಿಲ್ಲ, ನಾ ಸೋತೆ ಅಂತಿದ್ರು. ಒಂದ ದೊಡ್ಡ ಓಟ ಗೆದ್ದೆ. ಕೊಳ್ಳಾಗ ಪದಕ ಹಾಕ್ಕೊಂತ ಮತ್ತ ಅದಽ ಮಾತ ಅಂದ್ರು. ಹಂಗಾದ್ರ ಇದನ್ನ ರಕ್ತಕ್ಕ ಹಾಕ್ರಿ ಅಂತ ಪದಕ ತಗದ ಅವರ ಕೈಯಾಗ ಕೊಟ್ಟ ಬಂದೆ. ಬಂದ ಬಸ್ ಹತ್ತಿದೆ."

ಮಾವಶಿ ನೆಲಕ್ಕೆ ಕೈ ಬಡಿದು "ಭಲೇ ನನ್ನ ಮಗನಽ!" ಎಂದಳು.

ನಾನು ಇಲ್ಲಿಯವರೆಗೆ ಅವರಿಗೆ ಕಟ್ಟಿಕೊಟ್ಟ ಕಥೆಗಳೆಲ್ಲ ನೆನಪಾದವು. ಉಳುಕಿದ ಕಾಲು, ಸೋಲು, ಊಟದ ಸಾಲಿನ ಅವಮಾನ. ಎಲ್ಲದರಲ್ಲೂ ಅವರನ್ನು ಯಾರೋ ಹೊರದಬ್ಬಿದ್ದರು. ತಾವಾಗಿ ಎದ್ದು ಬಂದವರು, ಗೆದ್ದು ಬಂದವರು, ಮುಖಕ್ಕೆ ಹೇಳಿ ಬಂದವರು ಎಂಬ ಕಥೆ ಕಾದಂಬರಿಗಾರ್ತಿಯಾದ ನನ್ನ ತಲೆಗೂ ಹೊಳೆದಿರಲಿಲ್ಲ. ನನಗೆ ಹೆಮ್ಮೆಯೆನಿಸಿತು. ಮರುಕಪಟ್ಟು ಬಡಿಸಿದ ಮೀನನ್ನೆಲ್ಲ ಹೆಮ್ಮೆಯಿಂದ ಬಡಿಸಬಹುದಿತ್ತಲ್ಲ ಎಂದು ಅಳುವೂ ಬಂತು.

"ಇಷ್ಟ ದಿನ ಯಾಕ ಹೇಳಲಿಲ್ಲರೀ?" ಎಂದೆ.

"ಬಂದ ದಿನದಿಂದ ಎಲ್ಲಾರೂ ಒಂದಽ ಕೇಳಿದ್ರು. ಯಾಕ ಬಂದಿ, ಏನ ತಪ್ಪ ಮಾಡಿದಿ, ಏನ ಮಾಡಿದ್ರು ನಿನಗ. ಎಷ್ಟನೇ ನಂಬರ ಬಂದಿ ಅಂತ ಯಾರ ಕೇಳಿದ್ರು?"

ಆಮೇಲೆ ಅವರನ್ನು ನಿಲ್ಲಿಸುವವರಿಲ್ಲ. ಬೈಕ್ ಹತ್ತಿದ ಮೇಲೂ ಮಾತು. ದಾಂಡೇಲಿ ದಾಟುವವರೆಗೆ ಹಾಸ್ಟೆಲಿನ ಊಟ, ಅಲ್ಲಿ ಕೊಡುತ್ತಿದ್ದ ಮೊಟ್ಟೆ, ಬೂಟು ಕಚ್ಚಿ ಬರಿಗಾಲಲ್ಲಿ ಓಡಿದ್ದು. ದಾಂಡೇಲಿ ದಾಟಿದ ಮೇಲೆ ತಿರುವಿನಲ್ಲಿ ಹೇಗೆ ಓಡಬೇಕು, ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು. ಗಾಳಿಗೆ ಅರ್ಧ ಮಾತು ನನಗೆ ಕೇಳಿಸಲಿಲ್ಲ. ಕೇಳಿಸದ್ದಕ್ಕೂ "ಹೌದೇನ್ರಿ" ಎನ್ನುತ್ತ ಬೆನ್ನಿಗೆ ಕಿವಿ ಹಚ್ಚಿ ಕೂತೆ. ಕಾದಂಬರಿಯಲ್ಲಿ ಬಾಯಿಬಿಟ್ಟ ನಾಯಕ ಒಂದು ಪುಟದಲ್ಲಿ ಮುಗಿಸಿ ನಾಯಕಿಯ ಮಡಿಲಿಗೆ ತಲೆ ಇಡುತ್ತಾನೆ. ನಮ್ಮವರದು ಗಣೇಶಗುಡಿ ಬಂದರೂ ಮುಗಿಯಲಿಲ್ಲ.

ಮನೆಯ ಮುಂದೆ ಗಾಡಿ ನಿಲ್ಲಿಸಿದರು, ಇಳಿಯಲಿಲ್ಲ. ನಾನೂ ಇಳಿಯಲಿಲ್ಲ. ಇನ್ನೂ ಬೆಳಕಿತ್ತು.

"ಆ ದೊಡ್ಡ ಓಟದಾಗ ಎರಡನೇ ನಂಬರ ಬಂದಾಂವ ಎಷ್ಟ ಹಿಂದ ಇದ್ದ ಗೊತ್ತೇನು?" ಎಂದು ಹಿಂದೆ ತಿರುಗಿ ಕೇಳಿದರು.

"ಎಷ್ಟ ಹಿಂದ?"

ಅವರು ಕೈ ಎತ್ತಿ ರಸ್ತೆಯ ಕಡೆ ತೋರಿಸಿದರು. "ನಾ ಇಲ್ಲಿ. ಅಂವಾ ಅಗೋ, ಆ ಮತ್ತಿ ಗಿಡದ ಹತ್ತರ."

ನಾನು ನೋಡಿದೆ. ಗಿಡ ಬಹಳ ದೂರ ಇತ್ತು.